ರಾವಂದೂರಿನ ಮಳೆಗಾಲ ಮತ್ತು ಡ್ರೈವರ್ ಮಾದಪ್ಪನವರ ಸೊಂಟ

ಹೋದ ತಿಂಗಳು ನಾದಿನಿಯ ಮರಿಮೊಮ್ಮಗಳ ನಾಮಕರಣಕ್ಕೆಂದು ರಾವಂದೂರಿಗೆ ಹೋಗಿದ್ದೆ. ಹಿಂದಿನ ದಿನ ಒಳ್ಳೆಯ ಮಳೆಯಾಗಿತ್ತು. ಊರು ಇನ್ನೇನು ಹತ್ತಿರ ಬಂತು ಎನ್ನುವಲ್ಲಿ ರಸ್ತೆ ಅಗಲ ಮಾಡುವವರು ಹೊಲದ ಬೇಲಿಯನ್ನೆಲ್ಲ ಸವರಿ ದಾರಿಗೇ ಹಾಕಿದ್ದರು. ಕಾರಿನ ಚಕ್ರ ಆ ಹಸಿ ಸೊಪ್ಪಿನ ಮೇಲೆ ಹರಿದದ್ದೇ ತಡ, ಕಿಟಕಿಯಿಂದ ಕಟುವಾದ ವಾಸನೆಯೊಂದು ಒಳನುಗ್ಗಿತು. ಲಕ್ಕಿ ಸೊಪ್ಪು. ಗಾಡಿ ನಿಲ್ಲಿಸಲು ಹೇಳಿ, ಇಳಿದು, ಒಂದು ಹಿಡಿ ಎಲೆ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿದೆ.

"ಏನಜ್ಜಿ, ಕಸವ ಮೂಸ್ತಾ ಇದ್ದೀರಿ?" ಎಂದ ಕಾರು ಓಡಿಸುತ್ತಿದ್ದ ಹುಡುಗ, ನಾದಿನಿಯ ಮೊಮ್ಮಗ.

"ಕಸ ಅಲ್ಲ ಕಣಪ್ಪ. ನಿಮ್ಮ ಮಾದಪ್ಪ ತಾತನ್ನ ಎದ್ದು ನಿಲ್ಸಿದ್ದು ಇದು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅವನು ಹುಟ್ಟುವ ಎಷ್ಟೋ ವರ್ಷಗಳ ಹಿಂದಿನ ಮಾತು ಅದು. ನನಗೀಗ ಎಂಬತ್ತು ದಾಟಿದೆ. ಎಷ್ಟೋ ಮಳೆಗಾಲ ನೋಡಿದ್ದೇನೆ. ಆದರೆ ಆ ಒಂದು ಮಳೆಗಾಲ ಮಾತ್ರ, ಅದರ ಒದ್ದೆ ಸೌದೆಯ ಹೊಗೆಯ ಸಮೇತ, ಇವತ್ತಿಗೂ ನನ್ನ ಮೂಗಿನಲ್ಲಿದೆ.

ಐವತ್ತರ ದಶಕದ ನಡುಭಾಗ. ನಮ್ಮ ಯಜಮಾನರು ಸರಗೂರಿನಿಂದ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಮೇಲೆ ಮೈಸೂರಿಗೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದರು. ಈಗ ಡ್ರೈವರ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಆಗ ಹಾಗಲ್ಲ. ತಲೆತಲಾಂತರದಿಂದ ನೇಗಿಲು ಹಿಡಿದುಕೊಂಡು ಬಂದ ನಮ್ಮ ಶಿವಭಕ್ತರ ಮನೆಗಳಲ್ಲಿ ಯಂತ್ರದ ಮುಂದೆ ಕುಳಿತವರು ಇವರೇ ಮೊದಲಿಗರು. ಮುಂದಕ್ಕೆ ಮೂತಿ ಚಾಚಿಕೊಂಡಿದ್ದ ಆ ಬಸ್ಸಿಗೆ ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿ ಪ್ರಾಣ ಬರಿಸಬೇಕು. ಇವರು ಖಾಕಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ರಬ್ಬರ್ ಬುರುಡೆಯ ಹಾರ್ನನ್ನು ಎರಡು ಸಲ ಒತ್ತಿದರೆ ಸರಗೂರಿನ ಹೆಂಗಸರು ಒಲೆಯ ಮೇಲೆ ಎಸರಿಡುತ್ತಿದ್ದರು. ನಮ್ಮೂರಿಗೆ ಗಡಿಯಾರ ಅವರೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹಟ್ಟಿ ಬಾಗಿಲಲ್ಲಿ ನಿಂತು ಆ ಹಾರ್ನಿಗೆ ಕಾಯುತ್ತಿದ್ದೆ.

ಅವರ ಸೊಂಟ ಕೆಡಲು ಶುರುವಾಗಿ ಎರಡು ವರ್ಷವಾಗಿತ್ತು. ಆ ಗುಂಡಿಯ ರಸ್ತೆ, ಆ ಗಟ್ಟಿ ಸ್ಟಿಯರಿಂಗು, ದಿನವೆಲ್ಲ ಕುಲುಕಾಟ. ಸಂಜೆ ಮನೆಗೆ ಬಂದವರು ಕಂಬ ಹಿಡಿದುಕೊಂಡು ಜಗುಲಿ ಹತ್ತುತ್ತಿದ್ದರು. ಬೆಳಿಗ್ಗೆ ಟವೆಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಹೊರಡುತ್ತಿದ್ದರು. ಕೇಳಿದರೆ, "ಏನೂ ಇಲ್ಲ ಬುಡಮ್ಮಿ" ಎನ್ನುವುದು ಒಂದೇ ಮಾತು. ನಿದ್ದೆಯಲ್ಲಿ ಮಾತ್ರ ಮಗ್ಗುಲು ಬದಲಿಸುವಾಗ ಅವರಿಗೇ ತಿಳಿಯದಂತೆ ಮುಲುಗುತ್ತಿದ್ದರು.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ಒಂದು ಮಧ್ಯಾಹ್ನ ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ಸಿಗುವ ಇಳಿಜಾರಿನಲ್ಲಿ ಬಸ್ಸಿನ ಹಿಂದಿನ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಡ್ರೈವರ್ ಆದವನು ಸೀಟಿನಲ್ಲಿ ಕೂತು ಜನರಿಂದ ತಳ್ಳಿಸಬೇಕು. ಇವರು ಕ್ಲೀನರನ್ನು ಸೀಟಿಗೆ ಕೂರಿಸಿ ತಾವೇ ಇಳಿದು ಎಲ್ಲರ ನಡುವೆ ಹೆಗಲು ಕೊಟ್ಟರು. ಬಸ್ಸು ಮೇಲೆ ಬಂತು. ಬೆನ್ನಿನಲ್ಲಿ ಏನೋ ಕಿತ್ತು ಬಂದಂತಾಯಿತಂತೆ. ಆದರೂ ಮತ್ತೆ ಹತ್ತಿ ಕುಳಿತು, ಅಷ್ಟೂ ಜನರನ್ನು ಸರಗೂರಿಗೆ ತಂದು ಮುಟ್ಟಿಸಿ, ಇಂಜಿನ್ ಆರಿಸಿದರು. ಆಮೇಲೆ ಇಳಿಯಲು ಆಗಲಿಲ್ಲ.

ಅಂಗಡಿ ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತುಕೊಂಡು ಬಂದರು. ಬೀದಿಯ ತುದಿಯಲ್ಲಿ ಹಲಗೆ, ಅದರ ಮೇಲೆ ಖಾಕಿ ಬಟ್ಟೆ ಕಂಡಾಗ ನನ್ನ ಜೀವ ಬಾಯಿಗೆ ಬಂತು. ಹತ್ತಿರ ಬಂದ ಮೇಲೆ ಇವರೇ, "ಅಳಬ್ಯಾಡ ಕಣಮ್ಮಿ, ಬದುಕಿವ್ನಿ" ಎಂದರು.

ಊರಿನವರು ಗೊತ್ತಿದ್ದ ವೈದ್ಯವನ್ನೆಲ್ಲ ಮಾಡಿದರು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಹಿಡಿತ ಬಿಡುತ್ತದೆಂದು ನಮ್ಮ ಅತ್ತೆಯವರು ಹಾಗೆ ಹುಟ್ಟಿದ ಒಬ್ಬ ಹೆಂಗಸನ್ನು ಕೇರಿಯಿಂದ ಕರೆತಂದರು. ಆ ಮಹಾತಾಯಿ ಭಯಭಕ್ತಿಯಿಂದ ಮೆಲ್ಲಗೆ ಒಂದು ಒದೆ ಕೊಟ್ಟಳು. ಇವರು ಕಿರುಚಿದ ಸದ್ದಿಗೆ ಅವಳೇ ಹೆದರಿ ಓಡಿಹೋದಳು. ಆ ಸಂಕಟದಲ್ಲೂ ನನಗೆ ನಗು ಬಂದದ್ದು ನಿಜ.

ಕೊನೆಗೆ ಗಾಡಿ ಮಾಡಿಕೊಂಡು ಮೈಸೂರಿಗೆ ಹೋದೆವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಸಮಾಧಾನದ ಮನುಷ್ಯ. ಎಕ್ಸ್‌ರೇ ತೆಗೆಸಿ, ಕಾಲನ್ನು ಎತ್ತಿ ಇಳಿಸಿ ನೋಡಿ, "ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆ ಜರುಗಿ ನರವನ್ನು ಒತ್ತುತ್ತಾ ಇರಬೇಕು. ಆಪರೇಷನ್ನಿಗೆ ಮದರಾಸಿಗೆ ಹೋಗಬೇಕಾಗುತ್ತೆ. ಆದರೆ ಕಾಲಿನಲ್ಲಿ ಶಕ್ತಿ ಇರುವ ತನಕ ನಾನು ಅವಸರ ಮಾಡೋದಿಲ್ಲ. ಹಲಗೆ ಮೇಲೆ ಮಲಗಲಿ. ಎರಡು ಮೂರು ತಿಂಗಳು ನೋಡಿ" ಎಂದರು.

"ಆಪರೇಷನ್ ಆದ ಮ್ಯಾಕೆ ಬಸ್ ಓಡಿಸ್‌ಬೋದಾ ಸ್ವಾಮಿ?" ಇವರು ಕೇಳಿದ್ದು ಇದೊಂದೇ.

"ಅದನ್ನ ನಾನು ಖಂಡಿತವಾಗಿ ಹೇಳಲಾರೆ" ಎಂದರು ಡಾಕ್ಟರು. ಸುಳ್ಳು ಹೇಳಲಿಲ್ಲ, ಆ ಪುಣ್ಯಾತ್ಮ.

ವಾಪಸು ಊರಿಗೆ ಬಂದೆವು. ಮರುದಿನ ಬಸ್ಸಿನ ಮಾಲೀಕರು ನೋಡಲು ಬಂದರು. ಜಗುಲಿಯ ಮೇಲೆ ಕೂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಗೌರಿ ಹಬ್ಬದ ಗಂಟ ಬದಲಿ ಡ್ರೈವರ್ ಇಟ್ಕತೀನಿ ಮಾದಪ್ಪ. ಆಮೇಲೆ ನಂಗೂ ಕಷ್ಟ ಆಯ್ತದೆ" ಎಂದರು. ಇವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ರಾವಂದೂರಿನ ಪಂಡಿತರ ಸುದ್ದಿ ಹೇಳಿ ಕಳಿಸಿದವಳು ನಾದಿನಿ. ಅವಳನ್ನು ಕೊಟ್ಟಿದ್ದು ಆ ಊರಿಗೆ. ಪಿರಿಯಾಪಟ್ಟಣದ ಕಡೆ ಆಗಲೇ ಹೊಗೆಸೊಪ್ಪಿನ ಬೇಸಾಯ ಜೋರಾಗಿತ್ತು. ಸೊಪ್ಪು ಹೊತ್ತು, ಅದನ್ನು ಹದ ಮಾಡುವ ಬ್ಯಾರನ್ನಿನಲ್ಲಿ ಕಡ್ಡಿ ಏರಿಸಿ ಸೊಂಟ ಹಿಡಿದುಕೊಂಡವರೆಲ್ಲ ಹೋಗುವುದು ಶಿವರುದ್ರ ಪಂಡಿತರ ಬಳಿಗೇ ಎಂದಳು. ಎರಡು ವರ್ಷದ ಮಗಳನ್ನು ಅತ್ತೆಯವರ ಮಡಿಲಿಗೆ ಹಾಕಿ, ಒಂದು ಕಮಾನುಗಾಡಿಯಲ್ಲಿ ಹುಲ್ಲು ಹರವಿ ಇವರನ್ನು ಮಲಗಿಸಿಕೊಂಡು, ಹುಣಸೂರಿನ ಮೇಲೆ ಎರಡು ದಿನ ಪ್ರಯಾಣ ಮಾಡಿ ಆ ಊರು ಸೇರಿದೆವು. ಆಷಾಢದ ಗಾಳಿ. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಗಾಡಿ ಒಂದೊಂದು ಗುಂಡಿಗೆ ಇಳಿದಾಗಲೂ ಅವರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದರೆಂದರೆ ಬಳೆ ಒಡೆದು ಗೀರಿತ್ತು.

ಪಂಡಿತರು ವಯಸ್ಸಾದವರು. ಮೈಸೂರಿನಲ್ಲಿ ಓದಿ ಬಂದು ಊರಲ್ಲೇ ನಿಂತವರು. ಇವರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಎಡಗಾಲನ್ನು ಮೇಲೆತ್ತಿದರು. ಅಂಗೈಯಷ್ಟು ಏಳುವುದರೊಳಗೆ ಇವರ ಮುಖ ಕಪ್ಪಿಟ್ಟಿತು.

"ನಡೀವಾಗ ಒಂದು ಕಾಲು ಎಳ್ಕೊಂಡು, ಮೈ ವಾಲಿಸ್ಕೊಂಡು ನಡೀತೀಯ ಅಲ್ವಾ? ರಣಹದ್ದು ನೆಲದ ಮೇಲೆ ನಡೆದ ಹಾಗೆ? ಅದಕ್ಕೇ ಹಿಂದಿನವರು ಇದಕ್ಕೆ ಗೃಧ್ರಸಿ ಅಂತ ಹೆಸರಿಟ್ರು. ವಾತದ ಬೇನೆ" ಎಂದರು ಪಂಡಿತರು. ಆಮೇಲೆ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ, ತಾವು ಒತ್ತಿ ಹಿಡಿದು, ಅದರ ಬಲ ನೋಡಿದರು. "ಬಲ ಅದೆ. ಹಾಗಾದ್ರೆ ನಾನು ಕೈ ಹಾಕ್ತೀನಿ. ಒಂದು ಮಾತು ಕೇಳಿಸ್ಕೊಳ್ಳಿ ಇಬ್ರೂನೂ. ಈ ಬೆರಳು ಎತ್ತಕ್ಕಾಗ್ದೆ ಹೋದ್ರೆ, ಇಲ್ಲಾ ಮೂತ್ರ ಕಟ್ಟಿದ್ರೆ, ಆ ಗಳಿಗೇಲೇ ಮೈಸೂರಿಗೆ ಹೊರಡಬೇಕು. ಆಗ ನನ್ನ ಎಣ್ಣೆ ನಂಬ್ಕೊಂಡು ಕೂರಬಾರದು."

"ಪೂರ್ತಿ ವಾಸಿ ಆಯ್ತದಾ ಬುದ್ಧಿ?" ಎಂದೆ ನಾನು.

"ಸುಳ್ಳು ಯಾಕೆ ಹೇಳ್ಲಿ ತಾಯಿ. ಇದು ಬಂದು ಹೋಗೋ ನೆಂಟ ಅಲ್ಲ, ಮನೇಲೇ ಇರೋ ದಾಯಾದಿ. ಅವನ ಜೊತೆ ಜಗಳ ಆಗದ ಹಾಗೆ ಬಾಳೋದು ಕಲಿಸ್ತೀನಿ. ಕಲಿಯೋದು ಇವನಿಗೆ ಸೇರಿದ್ದು."

ಆಮೇಲೆ ನನ್ನ ಕಡೆ ತಿರುಗಿ ಕೈ ತೋರಿಸಲು ಹೇಳಿದರು. ರಾಗಿ ಬೀಸಿ, ಮುದ್ದೆ ತೊಳಸಿ ಗಟ್ಟಿಯಾದ ಕೈ ನನ್ನದು. ಪಂಡಿತರ ಬೆರಳುಗಳು ವಯಸ್ಸಿಗೆ ಸೆಟೆದು ಹೋಗಿದ್ದವು. ಜೊತೆಗಿದ್ದ ಕೆಲಸದವನು ಕೊಡಗಿನ ತೋಟಕ್ಕೆ ಹೋಗಿಬಿಟ್ಟಿದ್ದ. "ಈ ಕೈ ಸಾಕು. ನಾನು ಹೇಳ್ತೀನಿ, ನೀನು ಮಾಡು" ಎಂದರು. ಹಿತ್ತಿಲಿನಲ್ಲಿದ್ದ ಹೆಂಚಿನ ಮನೆಯೊಂದನ್ನು ನಮಗೆ ಬಿಟ್ಟುಕೊಟ್ಟರು. ಒಂದು ಮರದ ಹಲಗೆ ಮಂಚ, ಒಂದು ಒಲೆ, ಒಂದು ಕಿಟಕಿ. ಆ ಮಳೆಗಾಲವೆಲ್ಲ ನಮ್ಮ ಲೋಕ ಅಷ್ಟೇ.

ಮೊದಲ ವಾರ ಅವರನ್ನು ಹೆಚ್ಚು ಮುಟ್ಟಲಿಲ್ಲ. ಹಲಗೆಯ ಮೇಲೆ ಮಲಗಿಸಿ, ಮಂಡಿಯ ಕೆಳಗೆ ಹತ್ತಿಯ ದಿಂಬಿಟ್ಟು, ಬೆಳಿಗ್ಗೆ ಸಂಜೆ ಕಷಾಯ. ರಾಸ್ನೆ, ಅಮೃತಬಳ್ಳಿ, ಶುಂಠಿ ಕುದಿಸಿ ಇಳಿಸಿದ ಅದರ ಕಹಿ ಮನೆಯ ಗಾಳಿಗೇ ಅಂಟಿಕೊಂಡಿತ್ತು. ಅದಕ್ಕೆ ಹರಳೆಣ್ಣೆ ಬೆರೆಸಿ ಕೊಟ್ಟಾಗ ಇವರು ಮಗುವಿನಂತೆ ಬಾಯಿ ಬಿಗಿಹಿಡಿಯುತ್ತಿದ್ದರು. ಊಟಕ್ಕೆ ಬಿಸಿ ಅನ್ನ, ತುಪ್ಪ, ಹುರುಳಿ ಕಟ್ಟಿನ ಸಾರು, ಮಲಗುವ ಮುಂಚೆ ಬೆಳ್ಳುಳ್ಳಿ ಬೇಯಿಸಿದ ಹಾಲು. ತಂಗಳು, ಆಲೂಗಡ್ಡೆ, ಕಡಲೆಕಾಳು ಮುಟ್ಟುವ ಹಾಗಿಲ್ಲ. ಬೀಡಿಯಂತೂ ಇಲ್ಲವೇ ಇಲ್ಲ.

ನೋವಿನ ಉರಿ ಸ್ವಲ್ಪ ತಗ್ಗಿದ ಮೇಲೆ ಎಣ್ಣೆಯ ಕೆಲಸ ಶುರುವಾಯಿತು. ಉದ್ದಿನ ಹಿಟ್ಟನ್ನು ಕಲಸಿ, ಬೆರಳು ದಪ್ಪದ ಹಗ್ಗದಂತೆ ಹೊಸೆದು, ಬೋರಲು ಮಲಗಿದವರ ಸೊಂಟದ ಮೇಲೆ ಕಟ್ಟೆಯ ಹಾಗೆ ಸುತ್ತಲೂ ಒತ್ತಬೇಕು. ಆ ಕಟ್ಟೆಯೊಳಗೆ ಬೆಚ್ಚಗಿನ ತೈಲ ತುಂಬಿಸಬೇಕು. ಆರುತ್ತಾ ಬಂದಂತೆ ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬಿಸಿಯದನ್ನು ಬಿಡಬೇಕು. ಇದಕ್ಕೆ ಕಟಿಬಸ್ತಿ ಎನ್ನುತ್ತಾರೆ. ಕೇಳಲು ಸುಲಭ. ಮೊದಲ ದಿನ ನನ್ನ ಕಟ್ಟೆ ಒಡೆದು ತೈಲವೆಲ್ಲ ಹಲಗೆಯ ಮೇಲೆ ಹರಿದುಹೋಯಿತು. ಎರಡನೆಯ ದಿನ ಹಿಟ್ಟು ಗಟ್ಟಿಯಾಗಿ ಬಿರುಕು ಬಿಟ್ಟಿತು. ಮೂರನೆಯ ದಿನ ಹಿಟ್ಟನ್ನು ಕಲಸಿ ಸ್ವಲ್ಪ ಹೊತ್ತು ಮುಚ್ಚಿಟ್ಟು ನೆನೆಯಲು ಬಿಟ್ಟೆ, ಹೋಳಿಗೆಯ ಕಣಕವನ್ನು ಬಿಡುವ ಹಾಗೆ. ಒಳಗಂಚನ್ನೂ ಹೊರಗಂಚನ್ನೂ ಒದ್ದೆ ಬೆರಳಿನಿಂದ ಸವರಿ ಚರ್ಮಕ್ಕೆ ಬೆಸೆದೆ. ತೈಲವನ್ನು ಮೊದಲು ನನ್ನ ಮುಂಗೈ ಮೇಲೆ ಬಿಟ್ಟು ನೋಡಿ, ಆಮೇಲೆ ಸುರಿದೆ. ಸೊಂಟದ ಮೇಲೊಂದು ಪುಟ್ಟ ಕೆರೆ ನಿಂತ ಹಾಗೆ ನಿಂತಿತು. ಪಂಡಿತರು ಬಗ್ಗಿ ನೋಡಿ, ಒಳಗೆ ಹೋಗಿ, ತಮ್ಮ ಮನೆಯವರನ್ನು ಕರೆದುಕೊಂಡು ಬಂದು ತೋರಿಸಿದರು. ಅವತ್ತು ನನಗಾದ ಹೆಮ್ಮೆ, ಮುಂದೆ ಮಗಳು ಹೈಸ್ಕೂಲು ಪಾಸಾದಾಗಲೂ ಆಗಲಿಲ್ಲ ಎಂದರೆ ಅವಳು ಮುನಿಸಿಕೊಳ್ಳಬಹುದು. ಆದರೆ ಅದು ನಿಜ.

ಮಧ್ಯಾಹ್ನದ ಹೊತ್ತು ಸೊಪ್ಪು ತರಲು ಹೋಗುತ್ತಿದ್ದೆ. ಲಕ್ಕಿ, ಹರಳು, ಎಕ್ಕ, ಹುಣಸೆ ಚಿಗುರು, ನುಗ್ಗೆ. ಮಳೆಗೆ ತಲೆಯ ಮೇಲೆ ಗೊರಗ ಹಾಕಿಕೊಂಡು, ಕುಡುಗೋಲು ಹಿಡಿದು, ಬೇಲಿಸಾಲಿನಲ್ಲಿ ನಾದಿನಿಯ ಜೊತೆ. ಹೊಗೆಸೊಪ್ಪಿನ ಬ್ಯಾರನ್ನುಗಳಿಂದ ಏಳುತ್ತಿದ್ದ ಹೊಗೆ ಮಳೆಯ ಭಾರಕ್ಕೆ ಮೇಲೇರಲಾರದೆ ಹೊಲದ ಮೇಲೇ ಮಲಗಿರುತ್ತಿತ್ತು. ತಂದ ಸೊಪ್ಪನ್ನು ಹೆಚ್ಚಿ, ಕಾಯಿತುರಿ, ನಿಂಬೆ ಹೋಳಿನ ಜೊತೆ ಎಣ್ಣೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕಾವಲಿಯ ಮೇಲೆ ಬಿಸಿ ಮಾಡಿ, ಸೊಂಟದಿಂದ ಹಿಮ್ಮಡಿಯ ತನಕ ಒತ್ತುತ್ತಾ ಹೋಗಬೇಕು. ಒದ್ದೆ ಸೌದೆ ಹತ್ತದೆ, ಊದಿ ಊದಿ ನನ್ನ ಕಣ್ಣು ಕೆಂಡವಾಗುತ್ತಿತ್ತು. ಇದಲ್ಲದೆ ಹಿಂಬದಿಯಿಂದ ಕೊಡುವ ಎಣ್ಣೆ ಕಷಾಯದ ಬಸ್ತಿ ಬೇರೆ ಇತ್ತು. ಅದನ್ನು ಪಂಡಿತರೇ ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು. ಅದರ ಬಗ್ಗೆ ನಮ್ಮ ಯಜಮಾನರು ಬದುಕಿರುವ ತನಕ ಒಂದು ಮಾತೂ ಆಡಲಿಲ್ಲ.

ಆಷಾಢ ಕಳೆಯುವ ಹೊತ್ತಿಗೆ ಅವರು ಎದ್ದು ಹಿತ್ತಿಲಲ್ಲಿ ನಡೆಯುತ್ತಿದ್ದರು. ಕಾಲು ಎಳೆಯುತ್ತಿರಲಿಲ್ಲ. ಮುಖಕ್ಕೆ ಬಣ್ಣ ಬಂದಿತ್ತು. ನಾನು ಮನಸ್ಸಿನಲ್ಲೇ ಊರಿಗೆ ಹೊರಡುವ ದಿನ ಎಣಿಸಲು ತೊಡಗಿದ್ದೆ.

ಆಗಲೇ ಆ ಗಾಡಿ ಬಂದದ್ದು. ಹಸಿ ಹೊಗೆಸೊಪ್ಪು ತುಂಬಿದ್ದ ಎತ್ತಿನಗಾಡಿಯೊಂದು ಪಂಡಿತರ ಮನೆಯ ಮುಂದಿನ ಚರಂಡಿಗೆ ಒಂದು ಚಕ್ರ ಇಳಿಸಿಕೊಂಡು ವಾಲಿತು. ಎತ್ತು ಮಂಡಿಯೂರಿತು. ಗಾಡಿಯವನ ಕೂಗು ಕೇಳಿ ನಾನು ಒಲೆ ಬಿಟ್ಟು ಹೊರಗೆ ಬರುವಷ್ಟರಲ್ಲಿ ಇವರು ಬೀದಿಯಲ್ಲಿದ್ದರು. ಹೂತುಹೋದ ಚಕ್ರವನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದು ಆ ಮನುಷ್ಯನಿಂದ ಆಗದು. ನಾನು "ಬ್ಯಾಡ ಕಣ್ರೀ!" ಎಂದು ಕೂಗಿದೆ. ಅಷ್ಟರಲ್ಲಿ ಹೆಗಲು ಕೊಟ್ಟಾಗಿತ್ತು. ಗಾಡಿ ಎದ್ದಿತು, ಇವರು ಬಿದ್ದರು.

ಮತ್ತೆ ಹಲಗೆ. ಈ ಸಲ ನೋವು ಮೊದಲಿಗಿಂತ ಹೆಚ್ಚು. ಅಂಗಾಲಿನ ಹೊರಬದಿ ಜೋಮು ಹಿಡಿಯಿತು. ಪಂಡಿತರು ಹೆಬ್ಬೆರಳನ್ನು ಎತ್ತಲು ಹೇಳಿದರು. ಅದು ಎದ್ದಿತು, ಆದರೆ ಅವರು ಒಂದು ಬೆರಳಿನಿಂದ ಒತ್ತಿದ್ದಕ್ಕೇ ಬಿದ್ದುಹೋಯಿತು. ಪಂಡಿತರ ಮುಖ ಗಂಭೀರವಾಯಿತು. "ನಾಳೆ ಬೆಳಿಗ್ಗೆ ನೋಡ್ತೀನಿ. ಇನ್ನೂ ಕಮ್ಮಿ ಆಗಿದ್ರೆ ನಾನೇ ಗಾಡಿ ಹೂಡಿಸಿ, ನಾನೇ ಜೊತೆಗೆ ಮೈಸೂರಿಗೆ ಬರ್ತೀನಿ" ಎಂದು ಹೇಳಿ ಹೋದರು.

ಪಂಡಿತರು ಹೋದ ಮೇಲೆ ಇವರು ಮಾತಾಡಿದರು. "ಸಾಕಾಯ್ತು ಕಣಮ್ಮಿ. ಮದರಾಸಿಗೇ ಓಗುವ. ಕುಯ್ದಾಕ್ಲಿ. ಇಂಗೆ ಸೊಪ್ಪಿನ ಗಂಟು ಒತ್ತುಸ್ಕಂಡು ಎಷ್ಟು ದಿಸ ಬಿದ್ದಿರ‍್ಲಿ? ನೀನು ನನ್ನ ಉಚ್ಚೆ ಮಡಕೆ ಎತ್ತುದ ನೋಡಕಾಗಕಿಲ್ಲ ನಂಗೆ."

"ಎತ್ತೋಳು ನಾನು. ನಂಗೇ ಬ್ಯಾಸರ ಇಲ್ಲ, ನಿಮಗ್ಯಾಕೆ?" ಎಂದೆ. "ಬೆರಳು ಸೋತ್ರೆ ನಾನೇ ನಿಮ್ಮುನ್ನ ಒತ್ಕಂಡು ಮದರಾಸಿಗೆ ಓಗ್ತೀನಿ. ಸೋಲ್ದೆ ಓದ್ರೆ, ಇಲ್ಲೇ ಮಲಿಕ್ಕಂಡು ಪಂಡಿತರು ಏಳ್ದಂಗೆ ಕೇಳ್ಬೇಕು. ಗಾಡಿ ಕಂಡ್ರೆ ಕಣ್ಣು ಮುಚ್ಕಬೇಕು. ಆಯ್ತಾ?"

ಅವರಿಗೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಇವರು "ಆಯ್ತು" ಎಂದರು.

ಬೆಳಕು ಹರಿಯುತ್ತಲೇ ಪಂಡಿತರು ಬಂದರು. ಬೆರಳು ಎದ್ದಿತು. ಅವರು ಒತ್ತಿದರು. ನಿಂತಿತು. ಇನ್ನೂ ಸ್ವಲ್ಪ ಒತ್ತಿದರು. ನಡುಗಿತು, ಆದರೆ ಬೀಳಲಿಲ್ಲ. ಪಂಡಿತರು "ಶಿವ ಶಿವಾ" ಎಂದು ನೆಲಕ್ಕೆ ಕುಳಿತರು. ನಾನು ಅಡಿಗೆ ಒಲೆಯ ಹತ್ತಿರ ಹೋಗಿ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಅಲ್ಲಿಂದ ಮುಂದಿನದು ಬೇರೆಯೇ ಮನುಷ್ಯ. ಶ್ರಾವಣವೆಲ್ಲ ಅವರು ಶಾಲೆಯ ಹುಡುಗನಂತೆ ಕಲಿತರು. ಹಾಸಿಗೆಯಿಂದ ನೇರ ಏಳದೆ ಮಗ್ಗುಲಾಗಿ ಕೈಯೂರಿ ಏಳುವುದು. ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಚೊಂಬು ಎತ್ತುವುದು. ಬೋರಲು ಮಲಗಿ ಹಾವಿನ ಹೆಡೆಯ ಹಾಗೆ ಎದೆ ಎತ್ತುವುದು, ಅದೂ ನೋವು ಕಾಲಿನಿಂದ ಮೇಲಕ್ಕೆ ಸರಿದ ಮೇಲೆ, ದಿನಕ್ಕೆ ಸ್ವಲ್ಪ ಸ್ವಲ್ಪವೇ. ಮಳೆ ಬಿಡುವು ಕೊಟ್ಟ ಬೆಳಗಿನಲ್ಲಿ ಕೆರೆ ಏರಿಯ ಮೇಲೆ ನಡಿಗೆ. ಮೊದಮೊದಲು ನನ್ನ ಹೆಗಲ ಮೇಲೆ ಕೈಯಿಟ್ಟು, ಆಮೇಲೆ ಕೋಲು ಹಿಡಿದು, ಆಮೇಲೆ ಬರಿಗೈಯಲ್ಲಿ.

ಒಂದು ದಿನ ಪಂಡಿತರು ಅವರನ್ನು ಒರಳಕಲ್ಲಿನ ಮೇಲೆ ಕೂರಿಸಿ, ಕೈಗೆ ಒಂದು ಮೊರ ಕೊಟ್ಟು, "ಇದೇ ನಿನ್ನ ಚಕ್ರ. ಬಸ್ ಓಡಿಸು, ನಾನು ನೋಡಬೇಕು" ಎಂದರು. ಇವರು ನಾಚಿಕೆಯಿಂದಲೇ ಶುರು ಮಾಡಿದರೂ ಬರಬರುತ್ತಾ ಮೈಮರೆತು ಗೇರು ಬದಲಿಸಿ, ಬಾಯಲ್ಲೇ ಹಾರ್ನ್ ಮಾಡಿ, ಹ್ಯಾಂಡ್‌ಪೋಸ್ಟಿನ ತಿರುವನ್ನೂ ತಿರುಗಿಸಿದರು. ಪಂಡಿತರ ಮನೆಯವರು ಬಾಗಿಲ ಸಂದಿಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಪಂಡಿತರು ಮಾತ್ರ ನಗದೆ ಅವರ ಎಡಗಾಲನ್ನೇ ನೋಡುತ್ತಿದ್ದರು.

"ಅದ್ಯಾಕೆ ಆ ಕಾಲನ್ನ ಪದೇ ಪದೇ ಅಷ್ಟು ದೂರ ಚಾಚ್ತೀಯ?"

"ಕ್ಲಚ್ಚು ಬುದ್ಧಿ. ಅದು ದೂರದಲ್ಲದೆ. ಸೀಟಿಂದ ಜಾರಿ ಒತ್ಬೇಕು."

"ದಿನಕ್ಕೆ ಎಷ್ಟು ಸಲ?"

"ಲೆಕ್ಕ ಮಡಗ್ದೋರ‍್ಯಾರು ಬುದ್ಧಿ."

"ಅಲ್ಲಿ ಅದೆ ನೋಡು ನಿನ್ನ ಕಾಯಿಲೆ. ನಾನು ಇಲ್ಲಿ ಎಣ್ಣೆ ಬಿಟ್ಟು, ನೀನು ಅಲ್ಲಿ ಹಂಗೇ ಜಾರ‍್ಕೊಂಡು ಕೂತ್ರೆ ಮುಂದಿನ ಮುಂಗಾರಿಗೆ ಮತ್ತೆ ಇಲ್ಲೇ ಬರ್ತೀಯ. ಸೀಟಿಗೂ ವೈದ್ಯ ಆಗಬೇಕು."

ಸೀಟಿಗೆ ವೈದ್ಯ ಮಾಡಿದವರು ಸರಗೂರಿನ ಗಫಾರ್ ಸಾಬರು. ಹಾಸಿಗೆ ಹೊಲಿಯುವುದರಲ್ಲಿ, ಜಟಕಾಗಾಡಿಗೆ ಮೆತ್ತೆ ಹಾಕುವುದರಲ್ಲಿ ಎತ್ತಿದ ಕೈ. ನಮ್ಮವರ ಬಾಲ್ಯದ ಗೆಳೆಯರು. ಭಾದ್ರಪದ ಹತ್ತಿರವಾಗಿ ನಾವು ಊರಿಗೆ ಮರಳಿದ ಮಾರನೆಯ ದಿನವೇ ಬಂದು, "ಏನ್ಲಾ ಮಾದ, ಸೊಂಟ ರಿಪೇರಿ ಮಾಡುಸ್ಕಂಡ್ಯಂತೆ! ನಿನ್ನ ಸೀಟ ನಂಗೆ ಬುಡು, ಬಾದಶಾಹನಂಗೆ ಕೂರುಸ್ತೀನಿ" ಎಂದರು. ಮಾಲೀಕರನ್ನು ಕೇಳಿ ಸೀಟನ್ನು ಒಂದು ಗೇಣು ಮುಂದಕ್ಕೆ ತಂದರು. ಕುಸಿದಿದ್ದ ಹಳೆಯ ಮೆತ್ತೆ ಕಿತ್ತು ತೆಂಗಿನ ನಾರು ಗಟ್ಟಿಯಾಗಿ ತುಂಬಿದರು. ಬೆನ್ನಿಗೆ ನೆಟ್ಟಗೆ ಒಂದು ಹಲಗೆ, ಸೊಂಟದ ಕುಳಿಗೆ ಸರಿಯಾಗಿ ಒಂದು ಹತ್ತಿಯ ಸುರುಳಿ. ನಾನು ಪಂಡಿತರು ಹೇಳಿದ ಎತ್ತರವನ್ನು ನನ್ನ ಮೊಳದಲ್ಲಿ ಅಳೆದು ತೋರಿಸಿದೆ. ಸಾಬರು ಅದರಂತೆ ಹೊಲಿದು, "ತಂಗ್ಯಮ್ಮ, ನೀವೂ ನಮ್ ಕಸುಬಿಗೆ ಬಂದ್ಬುಡಿ" ಎಂದು ನಕ್ಕರು.

ಗೌರಿ ಹಬ್ಬಕ್ಕೆ ಮುಂಚಿನ ದಿನ ಮಾಲೀಕರು, "ಒಂದು ಟ್ರಿಪ್ ಓಡ್ಸು, ನಾನೂ ಕೂತಿರ‍್ತೀನಿ" ಎಂದರು. ನಾನು ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಯಾರನ್ನೂ ಕೇಳದೆ ಬಸ್ಸು ಹತ್ತಿ ಕುಳಿತೆ. ಸರಗೂರಿನಲ್ಲಿ ಹಾರ್ನ್ ಎರಡು ಸಲ ಕೂಗಿದಾಗ ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಹ್ಯಾಂಡ್‌ಪೋಸ್ಟಿನಲ್ಲಿ ಇವರು ಬಸ್ ನಿಲ್ಲಿಸಿ ಇಳಿದು, ಸೊಂಟದ ಮೇಲೆ ಎರಡೂ ಕೈಯಿಟ್ಟು ಹಿಂದಕ್ಕೆ ಬಾಗಿ, ಬಸ್ಸಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದರು. ಪಂಡಿತರ ಅಪ್ಪಣೆ ಅದು, ಒಂದೇ ಸಮನೆ ಕೂರಬಾರದು. ಜನ ಮುಖ ಮುಖ ನೋಡಿಕೊಂಡರು. ಮಾಲೀಕರು ಕಿಟಕಿಯಿಂದ ತಲೆ ಹಾಕಿ, "ಇದೇನ್ ಮಾದಪ್ಪ, ಇಂಗೆ ನಿಲ್ಸಿ ನಿಲ್ಸಿ ಸುತ್ತು ಬಂದ್ರೆ ಟೈಮು ಏನಾಯ್ತದೆ?" ಎಂದರು.

ಹಿಂದಿನ ಸೀಟಿನಿಂದ ಒಬ್ಬಳು ಮುದುಕಿ, ಮಡಿಲಲ್ಲಿ ಕೋಳಿ ಇಟ್ಟುಕೊಂಡಿದ್ದವಳು, ಗಟ್ಟಿಯಾಗಿ ಹೇಳಿದಳು: "ಸುತ್ಲಿ ಬುಡಪ್ಪ! ಬದಲಿ ಡ್ರೈವರು ಎಲ್ಲೂ ನಿಲ್ಸದಂಗೆ ಓಡ್ಸಿ ನಮ್ಮೆಲ್ಲಾರ ಸೊಂಟನೂ ಮುರ‍್ದ. ಈವಪ್ಪ ಗುಂಡಿ ನೋಡ್ಕಂಡು ಇಳುಸ್ತಾನೆ. ನಾವೂ ವಸಿ ಇಳ್ದು ಕಾಲು ಸಡ್ಲ ಮಾಡ್ಕತೀವಿ." ಬಸ್ಸಿಗೆ ಬಸ್ಸೇ ನಕ್ಕಿತು. ಮಾಲೀಕರೂ ನಕ್ಕರು. ಮೈಸೂರು ಸೇರಿದಾಗ ಹೊತ್ತು ತಪ್ಪಿರಲಿಲ್ಲ. ಮಾಲೀಕರು ಸದ್ದಿಲ್ಲದೆ ಹ್ಯಾಂಡಲನ್ನು ಇವರ ಕೈಗೆ ಕೊಟ್ಟು ಇಳಿದುಹೋದರು.

ಆಮೇಲೆ ಅವರು ನಿವೃತ್ತಿಯ ತನಕ ಬಸ್ ಓಡಿಸಿದರು. ನೋವು ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಮಾಗಿಯ ಚಳಿಯಲ್ಲಿ, ಆಷಾಢದ ಗಾಳಿಯಲ್ಲಿ ಅದು ಬರುತ್ತಿತ್ತು. ಬಂದಾಗ ಹಲಗೆ, ಹರಳೆಣ್ಣೆ, ಸೊಪ್ಪಿನ ಗಂಟು. ವರ್ಷಕ್ಕೊಮ್ಮೆ ರಾವಂದೂರು. ಎದೆ ಎತ್ತುವ ಅಭ್ಯಾಸವನ್ನು ಅವರು ಒಂದು ಬೆಳಿಗ್ಗೆಯೂ ಬಿಡಲಿಲ್ಲ. ಮದರಾಸಿಗೆ ಹೋಗುವ ಪ್ರಸಂಗ ಬರಲೇ ಇಲ್ಲ. ಮೈಸೂರಿನ ಆ ಡಾಕ್ಟರನ್ನು ಮರು ವರ್ಷ ಕಾಣಲು ಹೋದಾಗ ಅವರು ಕಾಲೆತ್ತಿಸಿ ನೋಡಿ, ಸಂತೋಷದಿಂದ ಇವರ ಬೆನ್ನು ತಟ್ಟಿದ್ದರು.

ಆದರೆ ಆ ವರ್ಷದ ಕತೆ ಅಲ್ಲಿಗೆ ಮುಗಿಯಲಿಲ್ಲ. ದಸರೆ ಕಳೆದ ಮೇಲೆ ಪಂಡಿತರಿಂದ ನನಗೆ ಕರೆ ಬಂತು. ಇವರಿಗಲ್ಲ, ನನಗೆ. ಕೃಷ್ಣರಾಜನಗರದ ಕಡೆಯ ಒಬ್ಬ ಹೆಂಗಸು, ನಾಲೆಯ ಬಯಲಿನಲ್ಲಿ ನಾಟಿ ಹಾಕಿ ಹಾಕಿ ಸೊಂಟ ಬಿದ್ದುಹೋಗಿದೆ, ಗಂಡಸರ ಕೈಯಲ್ಲಿ ಎಣ್ಣೆ ಹಾಕಿಸಿಕೊಳ್ಳಲು ಒಪ್ಪುತ್ತಿಲ್ಲ, ನೀನು ಬರಬೇಕು ಎಂದು. ಇವರು ಒಂದು ಗಳಿಗೆಯೂ ಯೋಚಿಸದೆ, "ಓಗು, ಮಗೀನ ಅವ್ವ ನೋಡ್ಕತದೆ" ಎಂದು ತಾವೇ ಹ್ಯಾಂಡ್‌ಪೋಸ್ಟಿನ ತನಕ ಬಸ್ಸಿನಲ್ಲಿ ಕರೆತಂದು ಹುಣಸೂರಿನ ಗಾಡಿ ಹತ್ತಿಸಿದರು.

ಆ ಹೆಂಗಸು ನನಗಿಂತ ಹಿರಿಯಳು. ಹಲಗೆಯ ಮೇಲೆ ಬೋರಲು ಮಲಗಿ ಅಳುತ್ತಿದ್ದಳು. ನಾನು ಬಾಗಿಲಿಗೆ ಪರದೆ ಎಳೆದು, ಅವಳ ಪಕ್ಕ ಕೂತು, ಮೊದಲು ಕಾಲಿನ ಬೆರಳು ಎತ್ತಿಸಿ ಬಲ ನೋಡಿದೆ. ಎಲ್ಲಿ ನೋವು, ಎಲ್ಲಿ ಜೋಮು, ಬಗ್ಗಿದರೆ ಹೆಚ್ಚೋ ಕೂತರೆ ಹೆಚ್ಚೋ, ಎಲ್ಲ ಕೇಳಿದೆ. ಹೊರಗೆ ಜಗುಲಿಯಲ್ಲಿ ಅವಳ ಗಂಡ ಪಂಡಿತರನ್ನು ಕೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನೀವು ಒಳೀಕೆ ಓಗಕಿಲ್ವಾ ಬುದ್ಧಿ? ನೋಡೋರ‍್ಯಾರು ನಮ್ಮೋಳ್ನ?"

"ಒಳಗೆ ಪಂಡಿತರು ಅವ್ರೆ ಕಣಪ್ಪ. ಅವ್ರು ಹೇಳ್ದಂಗೆ ಕೇಳಿ, ಸಾಕು."

ನಾನು ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಹಾಗೇ ಹಿಡಿದುಕೊಂಡು ಒಮ್ಮೆ ಸುತ್ತ ನೋಡಿದೆ. ಒಳಗೆ ನಾನಲ್ಲದೆ ಬೇರೆ ಯಾರೂ ಇರಲಿಲ್ಲ.